ಆಂಗ್ರ್ ಬರೆದ ಮದಾಮ್ ಮ್ವಾತೆಸಿಯೆ: ಕನ್ನಡಿಯಲ್ಲಿರುವ ಆ ಮುಖ ಸರಿಯಿದೆಯಾ?

ಕಿತ್ತಳೆ ತೋಟ

ಎಲ್ಲರಿಗೂ ನಮಸ್ಕಾರ. ಒಂದು ಚಿತ್ರ ವಾರದಿಂದ ನನ್ನ ತಲೆಯಲ್ಲೇ ಕೂತಿದೆ. ಫ್ರಾನ್ಸಿನ ಕಲಾವಿದ ಆಂಗ್ರ್ ಬರೆದ ಮದಾಮ್ ಮ್ವಾತೆಸಿಯೆ. ತೈಲಚಿತ್ರ. ಮುಗಿದಿದ್ದು 1856ರಲ್ಲಿ. ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ.

ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ಕೆಂಪು ಸೋಫಾದ ಮೇಲೆ ಒಬ್ಬ ಹೆಂಗಸು ಕೂತಿದ್ದಾರೆ. ಹೆಗಲು ಬಿಟ್ಟ ರೇಷ್ಮೆ ಉಡುಪು, ಬಿಳಿ ಬಟ್ಟೆಯ ಮೇಲೆ ಬಣ್ಣಬಣ್ಣದ ಹೂವು. ಎದೆಯ ಮೇಲೆ ದೊಡ್ಡ ಹರಳಿನ ಪದಕ, ಕೈಗೆ ದಪ್ಪ ಬಳೆ. ಒಂದು ಕೈಯಲ್ಲಿ ಮಡಚಿದ ಬೀಸಣಿಗೆ. ಇನ್ನೊಂದು ಕೈಯ ಬೆರಳು ಮುಖಕ್ಕೆ ಆನಿಸಿದೆ. ನಮ್ಮನ್ನೇ ನೋಡುತ್ತಿದ್ದಾರೆ, ಆದರೆ ಮನಸ್ಸು ಬೇರೆಲ್ಲೋ ಇದ್ದ ಹಾಗಿದೆ. ಹಿಂದೆ ದೊಡ್ಡ ಕನ್ನಡಿ. ಅದರಲ್ಲಿ ಅವರದೇ ಮುಖ, ಒಂದು ಪಕ್ಕದಿಂದ ಕಾಣುತ್ತದೆ.

ಮೊನ್ನೆ ನನ್ನ ಮಗಳು ಇದನ್ನು ನೋಡಿ ಕೇಳಿದಳು: "ಅಮ್ಮಾ, ಕನ್ನಡಿ ಬೆನ್ನ ಹಿಂದೆ ಇದೆ. ಹಾಗಿದ್ದರೆ ತಲೆಯ ಹಿಂಭಾಗ ತಾನೇ ಕಾಣಬೇಕು? ಮುಖದ ಪಕ್ಕ ಹೇಗೆ ಬಂತು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳಿಗೆ ಏಳನೇ ತರಗತಿ. ನಾನು ಇದನ್ನು ಎಷ್ಟೋ ಸಲ ನೋಡಿದ್ದೇನೆ, ಒಂದು ಸಲವೂ ಈ ಪ್ರಶ್ನೆ ಹೊಳೆದಿಲ್ಲ.

ಗೊತ್ತಿರುವವರು ದಯವಿಟ್ಟು ಹೇಳಿ. ಇದು ಕಲಾವಿದರ ತಪ್ಪಾ, ಬೇಕೆಂದೇ ಮಾಡಿದ್ದಾ?

ಬಣ್ಣದ ಡಬ್ಬಿ

ಮೇಡಂ, ನಿಮ್ಮ ಮಗಳ ಕಣ್ಣಿಗೆ ನಮಸ್ಕಾರ. ಇದು ಬೇಕೆಂದೇ ಮಾಡಿದ್ದು. ಆಂಗ್ರ್‌ಗೆ ಕನ್ನಡಿಯ ಲೆಕ್ಕ ಬರುತ್ತಿರಲಿಲ್ಲ ಅಂತ ನಾನು ನಂಬುವುದಿಲ್ಲ. ಅವರು ಬಿಡಿಸಿದ್ದು ಅಷ್ಟಿಷ್ಟಲ್ಲ. ತಮ್ಮ ಹುಟ್ಟೂರು ಮೊಂತೋಬಾನ್‌ಗೆ ಅವರು ಬಿಟ್ಟುಹೋದ ರೇಖಾಚಿತ್ರಗಳೇ 4000ಕ್ಕಿಂತ ಜಾಸ್ತಿ.

ನಾನು ತೈಲವರ್ಣದಲ್ಲಿ ಕೆಲಸ ಮಾಡುವವನು. ಈ ಚಿತ್ರದ ಮುಂದೆ ನನಗೆ ಮೊದಲು ಕಾಣುವುದು ಇಲ್ಲದಿರುವುದು. ಕುಂಚದ ಗುರುತೇ ಇಲ್ಲ. ಚರ್ಮ ನುಣುಪಾಗಿ ಹೊಳೆಯುತ್ತದೆ. ಬಣ್ಣದ ತೆಳು ಪದರ ಹಾಕಿ, ಒಣಗಿಸಿ, ಮತ್ತೆ ಹಾಕಿ ಇಲ್ಲಿಗೆ ಬರಬೇಕು. ಹಿಂದೆ ಹಾಕಿದ್ದು ಸರಿಯಾಗಿ ಒಣಗದೆ ಮುಂದಿನದು ಹಾಕಿದರೆ ಮೇಲಿನದು ಬಿರುಕು ಬಿಡುತ್ತದೆ. ಅವಸರದಲ್ಲಿ ಹೀಗೆ ಮಾಡಿ ನನ್ನದೇ ಎರಡು ಕ್ಯಾನ್ವಾಸ್ ಹಾಳಾಗಿವೆ.

ಈ ಒಂದು ಚಿತ್ರಕ್ಕೆ ಅವರು ತೆಗೆದುಕೊಂಡಿದ್ದು 12 ವರ್ಷ.

ಎರಡು ಮಕ್ಕಳ ತಾಯಿ

12 ವರ್ಷವಾ? ಒಂದೇ ಚಿತ್ರಕ್ಕೆ? ಆಕೆ ಅಷ್ಟು ವರ್ಷವೂ ಬಂದು ಕೂರುತ್ತಿದ್ದರಾ?

ಹಳೇ ಪುಟ

ಆ ಕಥೆ ದೊಡ್ಡದು. ನನಗೆ ಬಹಳ ಇಷ್ಟವಾದದ್ದು, ಸ್ವಲ್ಪ ಉದ್ದವಾದರೆ ಕ್ಷಮಿಸಿ.

ಆಕೆಯ ಹೆಸರು ಇನೆಸ್. ತವರಿನ ಹೆಸರು ದ ಫೂಕೋ. ಹುಟ್ಟಿದ್ದು 1821ರಲ್ಲಿ. 1842ರಲ್ಲಿ ಸಿಗಿಸ್ಬೇರ್ ಮ್ವಾತೆಸಿಯೆ ಅನ್ನುವ ಶ್ರೀಮಂತರ ಜೊತೆ ಮದುವೆ. ಅವರು ಬ್ಯಾಂಕರ್, ಲೇಸ್ ವ್ಯಾಪಾರವೂ ಇತ್ತು. ಮೊದಲ ಹೆಂಡತಿ ತೀರಿಕೊಂಡಿದ್ದರು, ವಯಸ್ಸಿನಲ್ಲಿ ಇನೆಸ್‌ಗಿಂತ ಬಹಳ ದೊಡ್ಡವರು. 1844ರಲ್ಲಿ ಈ ಚಿತ್ರಕ್ಕಾಗಿ ಆಂಗ್ರ್‌ರನ್ನು ಕೇಳಿದರು. ಆಂಗ್ರ್ ಆಗಲ್ಲ ಅಂದರು.

ಯಾಕೆಂದರೆ ಅವರ ಮನಸ್ಸಿನಲ್ಲಿ ದೊಡ್ಡ ಕಲೆ ಅಂದರೆ ಇತಿಹಾಸ, ಪುರಾಣ. ವ್ಯಕ್ತಿಚಿತ್ರ ಅಂದರೆ ಹೊಟ್ಟೆಪಾಡು. ಇದಕ್ಕೆ ಹಿನ್ನೆಲೆಯೂ ಇದೆ. 1815ರಲ್ಲಿ ನೆಪೋಲಿಯನ್ ಬಿದ್ದಾಗ ಆಂಗ್ರ್ ರೋಮ್‌ನಲ್ಲಿದ್ದರು. ಕೆಲಸ ಕೊಡುತ್ತಿದ್ದ ಫ್ರೆಂಚ್ ಅಧಿಕಾರಿಗಳೆಲ್ಲ ಊರು ಬಿಟ್ಟರು. ಆಗ ರೋಮ್ ನೋಡಲು ಬರುವ ಪ್ರವಾಸಿಗಳ ಪೆನ್ಸಿಲ್ ಚಿತ್ರ ಬಿಡಿಸಿ ಸಂಸಾರ ನಡೆಸಿದರು. ಇವತ್ತು ಆ ಪೆನ್ಸಿಲ್ ಚಿತ್ರಗಳನ್ನು ನೋಡಿದರೆ ಜೀವ ಝಲ್ಲೆನ್ನುತ್ತದೆ. ಅವರಿಗೆ ಮಾತ್ರ ಅದು ಬಡತನದ ನೆನಪು.

ಆಮೇಲೆ ಇನೆಸ್‌ರನ್ನು ಕಣ್ಣಾರೆ ನೋಡಿದರು. ನೋಡಿದ ಮೇಲೆ ಒಪ್ಪಿಕೊಂಡರು. ಆಗ ಆಕೆಗೆ 23, ಆಂಗ್ರ್‌ಗೆ 64ರ ಆಸುಪಾಸು.

ಕೆಲಸ ನಡೆದು, ನಿಂತು, ಮತ್ತೆ ನಡೆಯಿತು. 1849ರ ಜುಲೈನಲ್ಲಿ ಆಂಗ್ರ್‌ರ ಹೆಂಡತಿ ಮಾದ್ಲೆನ್ ತೀರಿಕೊಂಡರು. ಬಡತನದ ದಿನಗಳಲ್ಲಿ ಜೊತೆಗಿದ್ದವರು ಆಕೆ. ತಿಂಗಳುಗಟ್ಟಲೆ ಆಂಗ್ರ್ ಕುಂಚ ಮುಟ್ಟಲಿಲ್ಲ. 1851ರಲ್ಲಿ ಮತ್ತೆ ಇನೆಸ್‌ರ ಚಿತ್ರಕ್ಕೆ ಕೈ ಹಾಕಿದರು, ಆದರೆ ಇದನ್ನಲ್ಲ. ಬೇರೆಯೇ ಒಂದು ಕ್ಯಾನ್ವಾಸಿನಲ್ಲಿ ಆಕೆಯನ್ನು ನಿಲ್ಲಿಸಿ, ಕಪ್ಪು ಉಡುಪು ಹಾಕಿಸಿ, ತಲೆಗೆ ಗುಲಾಬಿ ಮುಡಿಸಿ ಆ ವರ್ಷದ ಕೊನೆಗೆ ಮುಗಿಸಿಬಿಟ್ಟರು. ಅದು ಈಗ ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಕೂತಿರುವ ಈ ಚಿತ್ರ ಮುಗಿಯಲು ಇನ್ನೂ ಐದು ವರ್ಷ ಬೇಕಾಯಿತು. ಸಹಿಯ ಜೊತೆ ತಮ್ಮ ವಯಸ್ಸನ್ನೂ ರೋಮನ್ ಅಂಕಿಯಲ್ಲಿ ಬರೆದುಕೊಂಡಿದ್ದಾರೆ: 76.

ಎರಡು ಮಕ್ಕಳ ತಾಯಿ

ಹೆಂಡತಿ ಹೋದ ಮೇಲೆ ಕುಂಚ ಮುಟ್ಟಲಿಲ್ಲ ಅನ್ನುವಲ್ಲಿ ಓದು ನಿಲ್ಲಿಸಿದೆ ಸ್ವಲ್ಪ ಹೊತ್ತು. ಥ್ಯಾಂಕ್ಸ್ ಸರ್.

ಸೂಜಿ ದಾರ

ನಾನು ಬ್ಲೌಸ್, ಲಂಗ, ಗೌನ್ ಹೊಲಿಯುವವಳು. ಚಿತ್ರಕಲೆ ಗೊತ್ತಿಲ್ಲ, ಬಟ್ಟೆ ಗೊತ್ತು. ಫೋಟೋ ದೊಡ್ಡದು ಮಾಡಿ ಬಟ್ಟೆಯನ್ನಷ್ಟೇ ಅರ್ಧ ಗಂಟೆ ನೋಡಿದೆ.

ಹೂವಿನ ಬಟ್ಟೆ ಬಿಡಿಸುವವರು ಸಾಮಾನ್ಯವಾಗಿ ಒಂದು ತಪ್ಪು ಮಾಡುತ್ತಾರೆ. ನೆರಿಗೆ ಬಿದ್ದ ಕಡೆಯೂ ಹೂವನ್ನು ಪೂರ್ತಿ ಬಿಡಿಸಿಬಿಡುತ್ತಾರೆ. ನಿಜವಾದ ಬಟ್ಟೆಯಲ್ಲಿ ಹಾಗಾಗಲ್ಲ. ನೆರಿಗೆಯ ಒಳಗೆ ಅರ್ಧ ಹೂವು ಮುಚ್ಚಿಹೋಗುತ್ತದೆ, ಆಚೆ ಕಡೆ ಉಳಿದರ್ಧ ಏಳುತ್ತದೆ. ಈ ಚಿತ್ರದಲ್ಲಿ ಹಾಗೇ ಇದೆ. ಹೂಗೊಂಚಲು ಮಡಿಕೆಯೊಳಗೆ ಹೋಗಿ ಮುರಿಯುತ್ತದೆ. ಬಟ್ಟೆ ಎದುರಿಗಿಲ್ಲದೆ ಹೀಗೆ ಬರೆಯಲು ಆಗಲ್ಲ ಅನ್ನಿಸಿತು.

ಇನ್ನೊಂದು. 1844ರಲ್ಲಿ ಹೊಲಿಸಿದ ಉಡುಪು 1856ಕ್ಕೆ ಹಳೇ ಫ್ಯಾಷನ್ ಆಗಿರುತ್ತದೆ. ಇಷ್ಟು ಅಗಲದ ಲಂಗ 1844ರದ್ದು ಇರಲಾರದು ಅಲ್ವಾ?

ಹಳೇ ಪುಟ

ಅಕ್ಕಾ, ಸರಿಯಾಗಿ ಹಿಡಿದಿರಿ. ಉಡುಪನ್ನು ಮಧ್ಯದಲ್ಲಿ ಬದಲಾಯಿಸಿದರು. ಆ ವರ್ಷಗಳಲ್ಲಿ ಪ್ಯಾರಿಸಿನಲ್ಲಿ ಲಂಗ ಅಗಲವಾಗುತ್ತಲೇ ಹೋಯಿತು. ಮೊದಲು ಕುದುರೆ ಕೂದಲು ಸೇರಿಸಿ ನೇಯ್ದ ಗಡುಸಾದ ಒಳಲಂಗ ಹಾಕುತ್ತಿದ್ದರು. ಫ್ರೆಂಚಿನಲ್ಲಿ ಕುದುರೆ ಕೂದಲಿಗೆ 'ಕ್ರಾಂ' ಅನ್ನುತ್ತಾರೆ, ಕ್ರಿನೊಲಿನ್ ಅನ್ನುವ ಹೆಸರು ಬಂದಿದ್ದು ಅಲ್ಲಿಂದ. ಪಂಜರದಂಥ ಬಳೆಗಳ ಕ್ರಿನೊಲಿನ್‌ಗೆ ಪೇಟೆಂಟ್ ಆಗಿದ್ದು 1856ರಲ್ಲಿ, ಈ ಚಿತ್ರ ಮುಗಿದ ವರ್ಷದಲ್ಲೇ.

ಬೆಳಕು ಮೇಷ್ಟ್ರು

ಕನ್ನಡಿ ಪ್ರಶ್ನೆಗೆ ಬರುತ್ತೇನೆ. ನಾನು ಭೌತಶಾಸ್ತ್ರ ಕಲಿಸುತ್ತೇನೆ. ಮಗಳಿಗೆ ಹೀಗೆ ಹೇಳಿ ನೋಡಿ.

ನಾವು ಆಕೆಯ ಎದುರು ನಿಂತಿದ್ದೇವೆ. ಕನ್ನಡಿ ಆಕೆಯ ಹಿಂದೆ, ನಮಗೆ ನೇರವಾಗಿದೆ. ಅಂಥ ಕನ್ನಡಿಯಲ್ಲಿ ಆಕೆಯ ಬೆನ್ನು, ತಲೆಯ ಹಿಂಭಾಗ ಮಾತ್ರ ಕಾಣಬೇಕು. ಅದೂ ಬಹುಪಾಲು ಆಕೆಯ ದೇಹವೇ ಮರೆ ಮಾಡುತ್ತದೆ. ಮುಖದ ಪಕ್ಕ ಕಾಣಬೇಕಾದರೆ ಮುಖದ ಬೆಳಕು ಪಕ್ಕಕ್ಕೆ ಹೋಗಿ, ಕನ್ನಡಿಗೆ ಬಡಿದು, ತಿರುಗಿ ನಮ್ಮ ಕಡೆ ಬರಬೇಕು. ಅಂದರೆ 90 ಡಿಗ್ರಿ ತಿರುಗಬೇಕು. ಅದಕ್ಕೆ ಕನ್ನಡಿಯನ್ನು ಆಕೆಯ ಪಕ್ಕದಲ್ಲಿ, ನಮ್ಮ ನೋಟಕ್ಕೆ 45 ಡಿಗ್ರಿ ಓರೆಯಾಗಿ ಇಡಬೇಕು. ಆಕೆ ಮುಖ ಸ್ವಲ್ಪ ತಿರುಗಿಸಿದ್ದಾರೆ, ಹಾಗಾಗಿ ಕೋನ ಸ್ವಲ್ಪ ಹೆಚ್ಚುಕಮ್ಮಿ ಆದೀತು. ಆದರೂ ಕನ್ನಡಿ ಬೆನ್ನ ಹಿಂದೆ ನೇರವಾಗಿ ಇರಲು ಸಾಧ್ಯವಿಲ್ಲ.

ಬೀರು ಬಾಗಿಲಿಗೆ ಕನ್ನಡಿ ಇದ್ದರೆ ಮನೆಯಲ್ಲೇ ಮಾಡಿ ನೋಡಬಹುದು. ಬಾಗಿಲನ್ನು ನಿಧಾನವಾಗಿ ತೆರೆಯುತ್ತಾ ಹೋಗಿ. ಮುಖ ಯಾವಾಗ ಸಿಗುತ್ತದೆ ನೋಡಿ.

ನೇರ ಮಾತು

ಕ್ಷಮಿಸಿ, ನನಗೆ ಈ ಚಿತ್ರ ಹಿಡಿಸಲಿಲ್ಲ. ಬೆರಳುಗಳಲ್ಲಿ ಮೂಳೆಯೇ ಇಲ್ಲ. ಮೇಣದ ಹಾಗೆ ಬಾಗಿವೆ. ಮುಖ ವಿಗ್ರಹದ ಹಾಗಿದೆ. ಹಣವಿದ್ದವರು ಬರೆಸಿಕೊಂಡ ಚಿತ್ರ, ಸುಂದರವಾಗಿ ಕಾಣಿಸಿದ್ದಾರೆ, ಅಷ್ಟೇ. ಈ ಹೆಂಗಸು ಎಂಥವರು ಅಂತ ನನಗೆ ಒಂದಿಷ್ಟೂ ತಿಳಿಯಲಿಲ್ಲ. 23ರಲ್ಲಿ ಶುರುವಾಗಿ 35ಕ್ಕೆ ಮುಗಿದ ಚಿತ್ರ. ಅಷ್ಟು ವರ್ಷ ಕಳೆದ ಗುರುತು ಮುಖದ ಮೇಲೆ ಎಲ್ಲಿದೆ?

ಬಣ್ಣದ ಡಬ್ಬಿ

ನೀವು ಹೇಳಿದ್ದು ತಳ್ಳಿಹಾಕುವ ಮಾತಲ್ಲ. ಆಂಗ್ರ್ ಬದುಕಿದ್ದಾಗಲೇ ಇದೇ ಮಾತು ಕೇಳಿದ್ದರು. 1814ರಲ್ಲಿ ಬರೆದ 'ದೊಡ್ಡ ಒಡಲಿಸ್ಕ್', ಅಂದರೆ ನಮಗೆ ಬೆನ್ನು ಹಾಕಿ ಒರಗಿದ ಅಂತಃಪುರದ ಹೆಣ್ಣಿನ ಚಿತ್ರ, 1819ರಲ್ಲಿ ಪ್ಯಾರಿಸಿನಲ್ಲಿ ಪ್ರದರ್ಶನಕ್ಕೆ ಬಂದಾಗ, ಬೆನ್ನಿಗೆ ಮೂರು ಮೂಳೆ ಜಾಸ್ತಿ ಇವೆ ಅಂತ ಜನ ಟೀಕಿಸಿದರು. ಬೆನ್ನು ನಿಜಕ್ಕೂ ಅಷ್ಟು ಉದ್ದ ಇದೆ.

ಆದರೆ ಆ ಮನುಷ್ಯನಿಗೆ ಮೂಳೆ ಗೊತ್ತಿಲ್ಲದೆ ಹೀಗಾಗಿಲ್ಲ. ಬ್ರೋಯಿ ರಾಜಕುಮಾರಿಯ ಚಿತ್ರಕ್ಕೆ ಮೊದಲು, ಅದೇ ಭಂಗಿಯಲ್ಲಿ ಬಟ್ಟೆಯಿಲ್ಲದ ಮಾಡೆಲ್ ನಿಲ್ಲಿಸಿ ದೇಹವನ್ನು ಅಭ್ಯಾಸ ಮಾಡಿದ್ದಾರೆ. ಅಷ್ಟು ತಿಳಿದುಕೊಂಡು, ಆಮೇಲೆ ಗೆರೆ ಎಲ್ಲಿಗೆ ಹರಿಯಬೇಕು ಅನ್ನಿಸಿತೋ ಅಲ್ಲಿಗೆ ಬಿಟ್ಟರು. ಹೆಗಲಿನಿಂದ ತೋಳು, ತೋಳಿನಿಂದ ಬೆರಳು, ಬೆರಳಿನಿಂದ ಕೆನ್ನೆ. ಕಣ್ಣನ್ನು ಆ ದಾರಿಯಲ್ಲಿ ಓಡಿಸಿ ನೋಡಿ, ಎಲ್ಲೂ ತಡೆಯಲ್ಲ. ಬೆರಳಿನ ಗಿಣ್ಣು ಬರೆದಿದ್ದರೆ ಅಲ್ಲೇ ತಡೆಯುತ್ತಿತ್ತು.

ಆ ಕೈಯ ಭಂಗಿ ಕೂಡ ಸುಮ್ನೆ ಬಂದಿದ್ದಲ್ಲ. ಇಟಲಿಯ ಹರ್ಕ್ಯುಲೇನಿಯಮ್, ವೆಸೂವಿಯಸ್ ಬೂದಿಯಲ್ಲಿ ಹೂತುಹೋದ ಊರು. ಅಲ್ಲಿ ಸಿಕ್ಕ ಗೋಡೆಚಿತ್ರ ಒಂದು ನೇಪಲ್ಸ್‌ನ ಮ್ಯೂಸಿಯಮ್ಮಿನಲ್ಲಿದೆ. ಹರ್ಕ್ಯುಲಿಸ್ ತನ್ನ ಮಗ ಟೆಲಿಫಸ್‌ನನ್ನು ಕಾಣುವ ದೃಶ್ಯ. ಅದರಲ್ಲಿ ಆರ್ಕೇಡಿಯಾ ನಾಡನ್ನೇ ಒಬ್ಬ ದೇವಿಯಾಗಿ ಕೂರಿಸಿದ್ದಾರೆ. ಆಕೆಯ ಬೆರಳು ಹೀಗೇ ಮುಖದ ಹತ್ತಿರ ಇದೆ. ಆಂಗ್ರ್ 1814ರಲ್ಲಿ ನೇಪಲ್ಸ್‌ಗೆ ಹೋಗಿದ್ದರು. ಅಂದು ಕಂಡದ್ದು 30 ವರ್ಷ ತಲೆಯಲ್ಲಿ ಉಳಿದು, ಪ್ಯಾರಿಸಿನ ಒಂದು ಡ್ರಾಯಿಂಗ್ ರೂಮಿನ ಸೋಫಾ ಮೇಲೆ ಬಂದು ಕೂತಿತು.

ವಿಗ್ರಹದ ಹಾಗಿದೆ ಅಂದಿರಲ್ಲ, ಅದು ಸರಿಯೇ. ವ್ಯಕ್ತಿಚಿತ್ರ ಕೀಳು ಅಂದುಕೊಂಡಿದ್ದ ಮನುಷ್ಯ, ಅದನ್ನು ಪುರಾಣದ ಚಿತ್ರದ ಎತ್ತರಕ್ಕೆ ಏರಿಸಿದ ಮೇಲೆಯೇ ಕೈಬಿಟ್ಟದ್ದು. ನನ್ನ ಪ್ರಕಾರ ಆ 12 ವರ್ಷ ಹೋಗಿದ್ದು ಅದಕ್ಕೆ. ಕನ್ನಡಿಯ ಮುಖವೂ ಅದಕ್ಕೇ. ಹಳೇ ನಾಣ್ಯಗಳ ಮೇಲೆ, ಪದಕಗಳ ಮೇಲೆ ಇರುವ ಹಾಗೆ ಒಂದು ಪಕ್ಕದ ಮುಖ ಬೇಕಿತ್ತು ಅವರಿಗೆ. ಬೆಳಕಿನ ನಿಯಮ ಅಡ್ಡ ಬಂದರೆ ನಿಯಮವನ್ನು ಬಿಟ್ಟರು.

ನೇರ ಮಾತು

ಗೋಡೆಚಿತ್ರ ಹುಡುಕಿ ನೋಡಿದೆ. ಬೆರಳು ಅದೇ, ನಿಜ. ಮೂಳೆಯ ವಿಷಯದಲ್ಲಿ ಒಪ್ಪಿದೆ. ಆದರೂ ನನಗೆ ಅವರ ಪೆನ್ಸಿಲ್ ಚಿತ್ರಗಳೇ ಇಷ್ಟ. ಅಲ್ಲಿ ಮನುಷ್ಯರು ಸಿಗುತ್ತಾರೆ.

ಇನ್ನೊಂದು ಕೇಳಬೇಕಿತ್ತು. ಆಗ ಫೋಟೋ ಬಂದಿತ್ತಲ್ಲ? ದಾಗೆರ್ ತಮ್ಮ ವಿಧಾನವನ್ನು ಪ್ಯಾರಿಸಿನಲ್ಲಿ ಜನರ ಮುಂದಿಟ್ಟದ್ದು 1839ರಲ್ಲಿ. ಸ್ವಲ್ಪ ಹೊತ್ತು ಕೂತರೆ ಮುಖ ಸಿಗುವ ಕಾಲದಲ್ಲಿ 12 ವರ್ಷ ಯಾಕೆ ಕಾದರು?

ಹಳೇ ಪುಟ

ಆಂಗ್ರ್ ತಾವೇ ಫೋಟೋಗೆ ಕೂತಿದ್ದಾರೆ. ಆದರೆ ಫೋಟೋವನ್ನು ಕಲೆ ಅಂತ ಒಪ್ಪಬಾರದು ಅಂತ 1862ರಲ್ಲಿ ಹಲವು ಕಲಾವಿದರು ಸಹಿ ಹಾಕಿದ ಮನವಿಯಲ್ಲಿ ಅವರ ಹೆಸರೂ ಇತ್ತು. ಆಗ ಅವರಿಗೆ 80 ದಾಟಿತ್ತು.

ಮ್ವಾತೆಸಿಯೆ ಕುಟುಂಬ ಯಾಕೆ ಕಾಯಿತು ಅಂದರೆ, ಆಗ ಆಂಗ್ರ್ ಬರೆದ ಚಿತ್ರ ಮನೆಯಲ್ಲಿರುವುದು ಅಂದರೆ ಸಣ್ಣ ಮಾತಲ್ಲ. 1855ರಲ್ಲಿ ಪ್ಯಾರಿಸಿನ ವಿಶ್ವ ಪ್ರದರ್ಶನದಲ್ಲಿ ಅವರ ಚಿತ್ರಗಳಿಗೆಂದೇ ಒಂದು ಪ್ರತ್ಯೇಕ ಕೋಣೆ ಕೊಟ್ಟರು. ಅಂಥವರನ್ನು ಬೇಗ ಮುಗಿಸಿ ಅನ್ನಲು ಆಗುತ್ತಾ? ಆದರೆ ನನಗೆ ಅನ್ನಿಸುವುದು, ಕಾದ ಕಷ್ಟ ಆಕೆಯದು. ತಾನು ಬೆಳೆದು ದಾಟಿಹೋದ ಮುಖವನ್ನು ಇನ್ನೊಬ್ಬರು ಇನ್ನೂ ಬರೆಯುತ್ತಲೇ ಇದ್ದಾರೆ.

ಕಿತ್ತಳೆ ತೋಟ

ಬೀರು ಪ್ರಯೋಗ ಮಾಡಿದೆವು! ಮಗಳು ಸ್ಟೂಲಿನ ಮೇಲೆ ಕೂತಳು, ಕೆನ್ನೆಗೆ ಬೆರಳು ಕೊಟ್ಟುಕೊಂಡು. ನಾನು ಎದುರಿಗೆ ನಿಂತೆ. ಅವಳ ಅಪ್ಪ ಬಾಗಿಲು ಹಿಡಿದರು.

ಬಾಗಿಲು ಮುಚ್ಚಿದ್ದಾಗ ಜಡೆ ಮಾತ್ರ ಕಂಡಿತು. ಸ್ವಲ್ಪ ತೆರೆದಾಗ ಕಿವಿ ಬಂತು. ಆಮೇಲೆ ಸ್ಟೂಲನ್ನು ಬಾಗಿಲಿನ ಪಕ್ಕಕ್ಕೇ ಎಳೆದು, ಬಾಗಿಲನ್ನು ಅರ್ಧ ತೆರೆದಾಗ ಮೂಗು, ಗಲ್ಲ ಎಲ್ಲ ಬಂತು. ಸರಿಯಾದ ಪಕ್ಕದ ಮುಖ! ಆದರೆ ಆಗ ಕನ್ನಡಿಯ ಚೌಕಟ್ಟು ಓರೆಯಾಗಿ ಕಾಣುತ್ತದೆ. ಒಂದು ಅಂಚು ಹತ್ತಿರ, ಒಂದು ದೂರ. ಆಂಗ್ರ್ ಚಿತ್ರದಲ್ಲಿ ಚೌಕಟ್ಟು ನೆಟ್ಟಗೆ ಗೋಡೆಗೆ ಒರಗಿದ ಹಾಗೇ ಇದೆ.

ಮಗಳು ಒಂದು ಮಾತು ಹೇಳಿದಳು. "ಅಮ್ಮಾ, ಕನ್ನಡಿಯಲ್ಲಿರುವವರು ಯಾರನ್ನೂ ನೋಡುತ್ತಿಲ್ಲ. ಮುಂದಿರುವವರು ನಮ್ಮನ್ನು ನೋಡುತ್ತಿದ್ದಾರೆ." ನಾನು ಮತ್ತೆ ಹೋಗಿ ಚಿತ್ರ ನೋಡಿದೆ. ಹೌದು. ಮುಂದಿನ ಮುಖ ಮನೆಗೆ ಬಂದವರ ಮುಂದೆ ಇಟ್ಟುಕೊಳ್ಳುವ ಮುಖ. ಹಿಂದಿನದು ಮಬ್ಬಾಗಿದೆ, ಒಂಟಿಯಾಗಿದೆ. ಈಗ ನನಗೆ ಹಿಂದಿನದೇ ಜಾಸ್ತಿ ಕಾಡುತ್ತಿದೆ.

ಬೆಳಕು ಮೇಷ್ಟ್ರು

ಪ್ರಯೋಗ ಮಾಡಿದ್ದು ಕೇಳಿ ತುಂಬಾ ಸಂತೋಷ ಆಯಿತು. ಈ ಪಾಠ ನಾನು ನಾಳೆ ತರಗತಿಯಲ್ಲಿ ಹೀಗೇ ಮಾಡುತ್ತೇನೆ, ಚಿತ್ರ ತೋರಿಸಿಕೊಂಡು.

ಥೇಮ್ಸ್ ದಡ

ತಡವಾಗಿ ಬಂದೆ. ನಾನು ಲಂಡನ್ನಿನಲ್ಲಿದ್ದೇನೆ. ಈ ಗ್ಯಾಲರಿ ಟ್ರಫಾಲ್ಗರ್ ಚೌಕದಲ್ಲಿದೆ, ಒಳಗೆ ಹೋಗಲು ಟಿಕೆಟ್ ಇಲ್ಲ. ಮಳೆ ಬಂದರೆ ನಾನು ಅಲ್ಲಿಗೇ ಹೋಗುವುದು. ಚಿತ್ರ ಸುಮಾರು 120 ಸೆಂಟಿಮೀಟರ್ ಎತ್ತರ, 92 ಅಗಲ.

ಇಲ್ಲಿಗೆ ಇದು ಬಂದದ್ದು 1936ರಲ್ಲಿ. ಆಗ ಕೆನೆತ್ ಕ್ಲಾರ್ಕ್ ನಿರ್ದೇಶಕರು. ಅದಕ್ಕೆ ಮೊದಲು, 1921ರಲ್ಲಿ, ಪ್ಯಾರಿಸಿನಲ್ಲಿ ಪಿಕಾಸೊ ಇದನ್ನು ನೋಡಿದ್ದರು. ಹನ್ನೊಂದು ವರ್ಷ ಆದ ಮೇಲೆ, 1932ರಲ್ಲಿ, 'ಪುಸ್ತಕ ಹಿಡಿದ ಹೆಂಗಸು' ಬರೆದರು. ಮಾಡೆಲ್ ಮರಿ ತೆರೇಸ್ ವಾಲ್ಟರ್. ಅದೇ ಭಂಗಿ, ಮುಖದ ಹತ್ತಿರ ಅದೇ ಕೈ, ಬೀಸಣಿಗೆಯ ಜಾಗದಲ್ಲಿ ಪುಸ್ತಕ, ಹಿಂದೆ ಕನ್ನಡಿಯಲ್ಲಿ ಪಕ್ಕದ ಮುಖ. 2022ರಲ್ಲಿ ಎರಡೂ ಚಿತ್ರಗಳನ್ನು ಇಲ್ಲಿ ಒಂದೇ ಕೋಣೆಯಲ್ಲಿ ಇಟ್ಟಿದ್ದರು. ಪಿಕಾಸೊ ಚಿತ್ರ ಇರುವುದು ಅಮೆರಿಕದ ಪ್ಯಾಸಡೀನಾದ ನಾರ್ಟನ್ ಸೈಮನ್ ಮ್ಯೂಸಿಯಮ್ಮಿನಲ್ಲಿ.

ಬಣ್ಣದ ಡಬ್ಬಿಯವರೇ, ನೇಪಲ್ಸ್ ಗೋಡೆಯಿಂದ ಆಂಗ್ರ್‌ಗೆ, ಆಂಗ್ರ್‌ರಿಂದ ಪಿಕಾಸೊಗೆ. ಒಂದು ಬೆರಳು ಎಷ್ಟು ದೂರ ನಡೆದು ಬಂದಿದೆ ನೋಡಿ.

ಹಳೇ ಪುಟ

ಇದು ಹೇಳದೆ ಇರಲಾರೆ. ಇನೆಸ್‌ರ ಅಣ್ಣತಮ್ಮಂದಿರಲ್ಲಿ ಒಬ್ಬರ ಮಗ ಶಾರ್ಲ್ ದ ಫೂಕೋ. 1864ರಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಹುಡುಗ, ಇನ್ನೂ ಆರು ತುಂಬಿರಲಿಲ್ಲ. ದೊಡ್ಡವರಾದ ಮೇಲೆ ಪ್ಯಾರಿಸಿನ ಈ ಸೋದರತ್ತೆಯ ಮನೆ ಅವರಿಗೆ ಆಸರೆ. ಅತ್ತೆಗೆ ಮರಿ ಅನ್ನುವ ಹೆಸರಿನ ಮಗಳು, ಆಕೆ ಅವರ ಬದುಕಿನ ದೊಡ್ಡ ಬೆಂಬಲ. ಸೈನ್ಯದಲ್ಲಿದ್ದವರು ಎಲ್ಲ ಬಿಟ್ಟು ಪಾದ್ರಿಯಾದರು, ಸಹಾರಾ ಮರುಭೂಮಿಯ ತಮನ್ರಾಸೆಟ್‌ನಲ್ಲಿ ಒಂಟಿಯಾಗಿ ಬದುಕಿದರು. 1916ರಲ್ಲಿ ಅಲ್ಲೇ ಕೊಲೆಯಾದರು. 2022ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತ ಅಂತ ಘೋಷಿಸಿದರು.

ನೇರ ಮಾತು ಅವರೇ, ಈ ಹೆಂಗಸು ಎಂಥವರು ಅಂತ ಕೇಳಿದ್ದಿರಿ. ಚಿತ್ರ ಹೇಳದ್ದನ್ನು ಇದು ಸ್ವಲ್ಪ ಹೇಳುತ್ತದೆ. ಇವರ ಮನೆ ಬಾಗಿಲು ಆ ಹುಡುಗನಿಗೆ ತೆರೆದಿತ್ತು.

ನೇರ ಮಾತು

ಇದು ಗೊತ್ತಿರಲಿಲ್ಲ. ಮತ್ತೊಮ್ಮೆ ನೋಡುತ್ತೇನೆ.

ಎರಡು ಮಕ್ಕಳ ತಾಯಿ

ಮಗಳು ಮರಿ ಅಂದಿರಿ. ಚಿತ್ರ ಶುರುವಾದಾಗ ಮಕ್ಕಳು ಇದ್ದರಾ?

ಹಳೇ ಪುಟ

ಇದ್ದರು, ದೊಡ್ಡ ಮಗಳು ಕ್ಯಾತರೀನ್. ಆಂಗ್ರ್ ಮೊದಲು ಬರೆಯಲು ಹೊರಟಿದ್ದು ತಾಯಿ ಮಗಳು ಇಬ್ಬರನ್ನೂ. ಅಮ್ಮನ ಮಡಿಲಿಗೆ ಒರಗಿಕೊಂಡ ಮಗು. ಅದರ ರೇಖಾಚಿತ್ರ ಉಳಿದಿದೆ. ಆದರೆ ಮಗು ಒಂದು ಕಡೆ ಕೂರಲಿಲ್ಲ. ಆಂಗ್ರ್‌ಗೆ ಸಾಕಾಗಿಹೋಯಿತು. ಮಗುವನ್ನು ಚಿತ್ರದಿಂದ ತೆಗೆದುಬಿಟ್ಟರು.

ಎರಡು ಮಕ್ಕಳ ತಾಯಿ

ಅಯ್ಯೋ. ಆ ವಯಸ್ಸಿನ ಮಗು ಹೇಗೆ ಕೂರುತ್ತದೆ! ನನ್ನ ಚಿಕ್ಕವನು ತಲೆ ಬಾಚುವಷ್ಟು ಹೊತ್ತೂ ಕೂರಲ್ಲ. ಎಲ್ಲರೂ ಕನ್ನಡಿ, ಬೆರಳು ಅಂತ ಮಾತಾಡಿದಿರಿ, ನನಗೆ ಈಗ ಆ ಮಗು ಇದ್ದ ಜಾಗ ನೋಡಬೇಕು ಅನ್ನಿಸುತ್ತಿದೆ. ಲಂಡನ್ನಿನವರೇ, ಮುಂದಿನ ಸಲ ಹೋದಾಗ ನನಗಾಗಿ ನೋಡಿಕೊಂಡು ಬರುತ್ತೀರಾ? ಏನಾದರೂ ಗುರುತು ಉಳಿದಿದೆಯಾ?

ಥೇಮ್ಸ್ ದಡ

ಖಂಡಿತ ಅಕ್ಕಾ. ಶನಿವಾರ ಹೋಗುತ್ತೇನೆ.

ಥೇಮ್ಸ್ ದಡ

ಹೋಗಿ ಬಂದೆ. ಬೆಂಚಿನ ಮೇಲೆ ಕೂತು ಬಹಳ ಹೊತ್ತು ನೋಡಿದೆ, ಆಮೇಲೆ ಎದ್ದು ಕಾವಲಿನವರು ಬಿಟ್ಟಷ್ಟು ಹತ್ತಿರ ಹೋದೆ. ಮೊಣಕಾಲಿನ ಸುತ್ತ, ಮಡಿಲಿನ ಸುತ್ತ ಹುಡುಕಿದೆ. ನನ್ನ ಕಣ್ಣಿಗೆ ಏನೂ ಸಿಗಲಿಲ್ಲ. ಅಲ್ಲೆಲ್ಲ ಬರೀ ರೇಷ್ಮೆ. ಹೂಗೊಂಚಲು ಮಡಿಕೆಯೊಳಗೆ ಹೋಗಿ ಆಚೆ ಏಳುತ್ತದೆ, ಸೂಜಿ ದಾರ ಅಕ್ಕ ಹೇಳಿದ ಹಾಗೇ.

ನಾನು ನಿಂತಿದ್ದಾಗ ಒಬ್ಬರು ತಾಯಿ ಪುಟ್ಟ ಮಗುವನ್ನು ಎತ್ತಿಕೊಂಡು ಬಂದರು. ಮಗು ಚಿತ್ರದ ಕಡೆ ಕೈ ಚಾಚಿತು. ಅವರು ಕೈ ಹಿಡಿದುಕೊಂಡು ಮುಂದೆ ಹೋದರು.